ಕಂಬಂ ಕಣಿವೆಯ ಸುಟ್ಟ ಕಾಯಿಲುಗಳು

ಸುಟ್ಟ ಮೋಟರನ್ನು ಬಿಚ್ಚಿ ಬೆಂಚಿನ ಮೇಲಿಟ್ಟರೆ ಅನುಭವಸ್ಥ ವೈಂಡರ್ ತಕ್ಷಣ ಉಳಿಗೆ ಕೈಹಾಕುವುದಿಲ್ಲ. ಸ್ಟೇಟರನ್ನು ಬೆಳಕಿನತ್ತ ತಿರುಗಿಸಿ, ಎರಡೂ ಬದಿಗೆ ಹೊರಚಾಚಿದ ಕಾಯಿಲುಗಳ ಸುತ್ತನ್ನು ನೋಡುತ್ತಾನೆ. ಮೂರರಲ್ಲಿ ಎರಡು ಪಾಲು ಕಾಯಿಲು ಕರಕಲಾಗಿ, ಒಂದು ಪಾಲು ಹೊಸದರಂತೆ ಹೊಳೆಯುತ್ತಿದ್ದರೆ ಸ್ಟಾರ್ ಜೋಡಣೆಯ ಮೋಟರಿಗೆ ಓಡುತ್ತಿರುವಾಗಲೇ ಒಂದು ಫೇಸ್ ತಪ್ಪಿದೆ ಎಂದು ಅರ್ಥ. ಒಂದು ಪಾಲು ಮಾತ್ರ ಸುಟ್ಟು ಎರಡು ಪಾಲು ಉಳಿದಿದ್ದರೂ ಆದದ್ದು ಅದೇ, ಜೋಡಣೆ ಮಾತ್ರ ಡೆಲ್ಟಾ. ಸ್ಲಾಟಿನ ಬಾಯಲ್ಲಿ ತಾಮ್ರ ಕರಗಿ ಗುಂಡುಗಟ್ಟಿದ್ದರೆ ಇನ್ಸುಲೇಶನ್ ಒಡೆದು ಶಾರ್ಟ್ ಆಗಿದೆ. ಇನ್ನು ಕೆಲವು ಮೋಟರುಗಳಲ್ಲಿ ಇಡೀ ಸುತ್ತು ಒಂದೇ ಸಮ ಕಪ್ಪಾಗಿರುತ್ತದೆ. ಕಾಯಿಲು ಕಟ್ಟಿದ ದಾರ ಬೆರಳು ತಾಗಿದರೆ ಪುಡಿಯಾಗುತ್ತದೆ. ವಾರ್ನಿಷ್ ಸುಟ್ಟ ಘಾಟು ವಾರ ಕಳೆದರೂ ಹೋಗುವುದಿಲ್ಲ. ಪಂಪು ಸಿಕ್ಕಿಕೊಂಡು ನಿಂತಿರಲಿಲ್ಲ ಎಂದು ಖಾತ್ರಿಯಾದರೆ ವೈಂಡರ್ ರೈತನನ್ನು ಕೇಳುವುದು ಒಂದೇ ಪ್ರಶ್ನೆ: "ನಿಮ್ಮ ಕಡೆ ಎಷ್ಟು ವೋಲ್ಟ್ ಬರುತ್ತಣ್ಣಾ?"

ಆ ಪ್ರಶ್ನೆ ತುಮಕೂರಿನಲ್ಲೂ ಕೋಲಾರದಲ್ಲೂ ಹೊಸದಲ್ಲ. ಆದರೂ ಅದರ ಉತ್ತರವನ್ನು ಹುಡುಕಿಕೊಂಡು ತಮಿಳುನಾಡಿನ ತೇನಿ ಜಿಲ್ಲೆಗೆ, ಘಟ್ಟದ ಬುಡದ ಕಂಬಂ ಕಣಿವೆಗೆ ಹೋಗುವುದಕ್ಕೆ ಕಾರಣವಿದೆ. ಅಲ್ಲಿ ಕರೆಂಟು ಹುಟ್ಟುವ ಜಾಗವೂ ಅದು ಸೋಲುವ ಜಾಗವೂ ಒಂದೇ ಕಣಿವೆಯಲ್ಲಿ ಸಿಗುತ್ತವೆ. ಕೇರಳದ ಕಡೆಗೆ ಹರಿಯುತ್ತಿದ್ದ ಪೆರಿಯಾರ್ ಹೊಳೆಗೆ ಅಡ್ಡಗಟ್ಟಿ, ಸುರಂಗ ಕೊರೆದು, ನೀರನ್ನು ಪೂರ್ವಕ್ಕೆ ತಿರುಗಿಸಿದ್ದು ಬ್ರಿಟಿಷ್ ಇಂಜಿನಿಯರ್ ಜಾನ್ ಪೆನ್ನಿಕ್ವಿಕ್. ಅಣೆಕಟ್ಟು ಮುಗಿದದ್ದು 1895ರಲ್ಲಿ. ಆ ನೀರು ಗೂಡಲೂರಿನಾಚೆಯ ಲೋಯರ್ ಕ್ಯಾಂಪಿನಲ್ಲಿ ಬೆಟ್ಟದಿಂದ ಕೊಳವೆಗಳಲ್ಲಿ ಧುಮುಕಿ 1958ರಿಂದ ವಿದ್ಯುತ್ ಕೊಡುತ್ತಿದೆ. ಮೂಲತಃ ತಲಾ 35 ಮೆಗಾವಾಟಿನ ನಾಲ್ಕು ಯಂತ್ರಗಳು. ಟರ್ಬೈನು ದಾಟಿದ ನೀರು ಕಣಿವೆಯ 14,707 ಎಕರೆ ಗದ್ದೆಗೆ ಎರಡು ಬೆಳೆಗೆ ಒದಗುತ್ತದೆ. ಕಾಲುವೆಗಿಂತ ಮೇಲಿರುವ ನೆಲಕ್ಕೆ ಆ ನೀರು ಹತ್ತುವುದಿಲ್ಲ. ಅಲ್ಲಿನ ದ್ರಾಕ್ಷಿ ಚಪ್ಪರ, ತೆಂಗು, ಬಾಳೆ ನಿಂತಿರುವುದು ಬಾವಿ ಮತ್ತು ಬೋರಿನ ಮೇಲೆ, ಎಂದರೆ ಮೋಟರಿನ ಮೇಲೆ. 2023ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಕಂಬಂ ಪನ್ನೀರ್ ದ್ರಾಕ್ಷಿ ವರ್ಷವಿಡೀ ಕೊಯ್ಲಿಗೆ ಬರುವ ಬೆಳೆ. ಅದಕ್ಕೆ ನೀರು ತಪ್ಪುವಂತಿಲ್ಲ.

ಈ ಕಣಿವೆಯಲ್ಲಿ ಮನೆಮಾತಾಗಿ ಕನ್ನಡ ಉಳಿಸಿಕೊಂಡ ಒಕ್ಕಲಿಗರಿದ್ದಾರೆ. ಕಪ್ಪಿಲಿಯರ್ ಎಂದು ಸುತ್ತಲಿನವರು ಕರೆಯುವ ಈ ಜನ ಶತಮಾನಗಳ ಹಿಂದೆ ಉತ್ತರದಿಂದ ಬಂದು ನೆಲೆನಿಂತವರು. 1906ರ ಮದುರಾ ಗೆಜೆಟಿಯರ್ ಬರೆದ ಡಬ್ಲ್ಯೂ. ಫ್ರಾನ್ಸಿಸ್, 1909ರಲ್ಲಿ ದಕ್ಷಿಣದ ಜಾತಿ-ಬುಡಕಟ್ಟುಗಳ ಸಂಪುಟಗಳನ್ನು ಹೊರತಂದ ಎಡ್ಗರ್ ಥರ್ಸ್ಟನ್ ಇಬ್ಬರೂ ಇವರ ಬಗ್ಗೆ, ಇವರು ಕಂಬಂನಲ್ಲಿ ಸಾಕುತ್ತಿದ್ದ ದೇವರ ಆಕಳ ಹಿಂಡಿನ ಬಗ್ಗೆ ಬರೆದಿದ್ದಾರೆ. ಹಿಂಡಿನ ಪಟ್ಟದ ಹೋರಿ ಸತ್ತರೆ ಸಂಕ್ರಾಂತಿಯ ಹೊತ್ತಿಗೆ ಹಿಂಡಿನ ಮುಂದೆ ಕಬ್ಬಿನ ಜಲ್ಲೆ ಹಿಡಿದು, ಅದನ್ನು ತಿಂದ ಹೋರಿಗೆ ಪಟ್ಟ ಕಟ್ಟುತ್ತಿದ್ದರಂತೆ. ಆ ಹಿಂಡು, ಅದರ ದೊಡ್ಡಿಯಾದ ತೊಳು ಇಂದಿಗೂ ಕಂಬಂನಲ್ಲಿವೆ. ದಿಂಡಿಗಲ್ ಕಡೆಗೆ ಬಂದರೆ ಕನ್ನಡ ಆಡುವ ಅನುಪ್ಪರ್ ರೈತರು, ಚಿನ್ನಾಳಪಟ್ಟಿಯಂಥ ಊರುಗಳಲ್ಲಿ ದೇವಾಂಗ ನೇಕಾರರು. ಎತ್ತು ಮತ್ತು ಬಾವಿಯ ಜತೆ ಬೆಳೆದ ರೈತರಿಗೆ ಮೋಟರು ಬಂದದ್ದು ಕಪಿಲೆಯ ಜಾಗಕ್ಕೆ. ಇಳಿಜಾರಿನಲ್ಲಿ ಹಿಂದೆ ಮುಂದೆ ನಡೆದು ಚರ್ಮದ ಬಾನೆಯಲ್ಲಿ ನೀರೆತ್ತುತ್ತಿದ್ದ ಜೋಡಿ ಎತ್ತಿನ ಕೆಲಸವನ್ನು 3 ಎಚ್‌ಪಿ, 5 ಎಚ್‌ಪಿ ಮೋಟರು ವಹಿಸಿಕೊಂಡಿತು.

ಎತ್ತು ನಿಧಾನಿಸುತ್ತದೆ, ಮೋಟರ್ ನಿಧಾನಿಸುವುದಿಲ್ಲ

ಹೊಟ್ಟೆಗೆ ಕಡಿಮೆಯಾದ ಎತ್ತು ಹೆಜ್ಜೆ ನಿಧಾನ ಮಾಡುತ್ತದೆ. ಬಾನೆ ತಡವಾಗಿ ಮೇಲೆ ಬರುತ್ತದೆ, ಎತ್ತು ಬದುಕುತ್ತದೆ. ಇಂಡಕ್ಷನ್ ಮೋಟರಿಗೆ ಈ ಬುದ್ಧಿ ಇಲ್ಲ. ಅದರ ವೇಗವನ್ನು ಹಿಡಿದಿಟ್ಟಿರುವುದು ವೋಲ್ಟೇಜ್ ಅಲ್ಲ, ಲೈನಿನ ಸೈಕಲ್, ಎಂದರೆ ಸೆಕೆಂಡಿಗೆ 50ರ ಆವರ್ತನ. ನಿಮಿಷಕ್ಕೆ 1440 ಸುತ್ತುವ ಮೋಟರು ವೋಲ್ಟೇಜ್ ಐದನೇ ಒಂದು ಪಾಲು ಇಳಿದರೂ 1400ರ ಆಸುಪಾಸಿನಲ್ಲೇ ಸುತ್ತುತ್ತಿರುತ್ತದೆ. ವೇಗ ಇಳಿಯದಿದ್ದರೆ ಪಂಪು ಎತ್ತುವ ನೀರೂ ಹೆಚ್ಚು ಇಳಿಯುವುದಿಲ್ಲ, ಹೊರೆಯೂ ಇಳಿಯುವುದಿಲ್ಲ. ಅದೇ ಕೆಲಸವನ್ನು ಕಡಿಮೆ ವೋಲ್ಟೇಜಿನಲ್ಲಿ ಮಾಡಬೇಕಾದರೆ ಹೆಚ್ಚು ಆಂಪಿಯರ್ ಎಳೆಯುವುದೊಂದೇ ದಾರಿ.

ಲೆಕ್ಕ ಹಾಕಿ ನೋಡಬಹುದು. 5 ಎಚ್‌ಪಿ ಮೋಟರು 415 ವೋಲ್ಟಿನಲ್ಲಿ ಪೂರ್ತಿ ಹೊರೆಗೆ ಸುಮಾರು 7.5 ಆಂಪಿಯರ್ ಎಳೆಯುತ್ತದೆ. 330 ವೋಲ್ಟಿನಲ್ಲಿ ಅದೇ ನೀರನ್ನು ಎತ್ತಲು ಒಂಬತ್ತೂವರೆ ಆಂಪಿಯರ್ ಬೇಕಾಗುತ್ತದೆ. ತಂತಿಯಲ್ಲಿ ಹುಟ್ಟುವ ಶಾಖ ಆಂಪಿಯರಿನ ವರ್ಗಕ್ಕೆ ಅನುಗುಣ. ಹಾಗಾಗಿ ಆಂಪಿಯರ್ ಕಾಲು ಪಾಲು ಏರಿದರೆ ಕಾಯಿಲಿನ ಬಿಸಿ ಒಂದೂವರೆ ಪಟ್ಟು ದಾಟುತ್ತದೆ. ಇನ್ಸುಲೇಶನ್ ತನ್ನ ಮಿತಿಗಿಂತ ಪ್ರತಿ 10 ಡಿಗ್ರಿ ಹೆಚ್ಚು ಬಿಸಿಯಾದಾಗ ಅದರ ಆಯಸ್ಸು ಅರ್ಧವಾಗುತ್ತದೆ ಎಂಬುದು 1930ರಿಂದ ಇಂಜಿನಿಯರುಗಳು ನಂಬಿಕೊಂಡು ಬಂದ ಸೂತ್ರ. ತೇನಿಯ ಮೇ ತಿಂಗಳಲ್ಲಿ, ತಗಡಿನ ಪಂಪುಮನೆಯೊಳಗೆ, ಸುತ್ತಲ ಗಾಳಿಯೇ 40 ಡಿಗ್ರಿ ದಾಟಿದಾಗ ಆ ಸೂತ್ರ ಎಷ್ಟು ಬೇಗ ಕೆಲಸ ಮಾಡುತ್ತದೆಂದು ಯಾರೂ ಹೇಳಿಕೊಡಬೇಕಿಲ್ಲ.

ಇನ್ನೊಂದು ಕಡೆ ಮೋಟರಿನ ತಿರುಗಿಸುವ ಬಲ, ಟಾರ್ಕ್, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಕುಸಿಯುತ್ತದೆ. ವೋಲ್ಟೇಜ್ ಶೇ 10 ಇಳಿದರೆ ಟಾರ್ಕ್ ಶೇ 81ಕ್ಕೆ, ಶೇ 20 ಇಳಿದರೆ ಶೇ 64ಕ್ಕೆ. ಸಾಮಾನ್ಯ ಮೋಟರು ತನ್ನ ಪೂರ್ತಿ ಹೊರೆಯ ಎರಡರಿಂದ ಎರಡೂವರೆ ಪಟ್ಟಿನವರೆಗೂ ತಡೆದುಕೊಳ್ಳಬಲ್ಲದು. 300 ವೋಲ್ಟಿಗೆ ಇಳಿದಾಗ ಆ ಮೀಸಲು ಬಹುತೇಕ ಖಾಲಿ. ಇನ್ನೊಂದಿಷ್ಟು ಕುಸಿದರೆ ಮೋಟರು ಗುಯ್‌ಗುಡುತ್ತ ನಿಂತುಬಿಡುತ್ತದೆ. ನಿಂತ ಮೋಟರು ಎಳೆಯುವ ಆಂಪಿಯರ್ ಓಡುವ ಮೋಟರಿನ ಐದಾರು ಪಟ್ಟು. ಸ್ಟಾರ್ಟರಿನ ಓವರ್‌ಲೋಡ್ ರಿಲೇ ಸರಿಯಿದ್ದರೆ ಟ್ರಿಪ್ ಆಗುತ್ತದೆ. ಎಷ್ಟೋ ಕಡೆ ಅದನ್ನು ಕಟ್ಟಿಹಾಕಿರುತ್ತಾರೆ, ಪದೇ ಪದೇ ಟ್ರಿಪ್ ಆಗಿ ನೀರು ನಿಲ್ಲುತ್ತದೆಂದು.

ನೀರಿನ ಪಂಪಿಗೆ ಒಂದು ಅನುಕೂಲವಿದೆ. ಸೆಂಟ್ರಿಫ್ಯೂಗಲ್ ಪಂಪು ನಿಂತಲ್ಲಿಂದ ಏಳುವಾಗ ಹೆಚ್ಚು ಬಲ ಕೇಳುವುದಿಲ್ಲ. ವೇಗ ಏರಿದ ಮೇಲೇ ಹೊರೆ ಏರುತ್ತದೆ. ಅದಕ್ಕೇ ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ಮೂರನೇ ಒಂದು ಪಾಲು ಟಾರ್ಕಿನಲ್ಲೇ ಅದು ಎದ್ದು ನಿಲ್ಲುತ್ತದೆ, ಕಡಿಮೆ ವೋಲ್ಟೇಜಿನಲ್ಲೂ ಹೇಗೋ ಓಡಲು ಶುರುಮಾಡುತ್ತದೆ. ಆಮೇಲೆ ಬೇಯುತ್ತದೆ. ದಿಂಡಿಗಲ್, ತೇನಿಯ ಬಂಡೆ ನೆಲದಲ್ಲಿ ನೀರು ಆಳಕ್ಕೆ ಹೋದ ಬೋರುಗಳಿಗೆ ರೈತರು ಕಂಪ್ರೆಸರ್ ಇಟ್ಟು ಗಾಳಿಯ ಒತ್ತಡದಿಂದ ನೀರು ಚಿಮ್ಮಿಸುತ್ತಾರೆ. ಕಂಪ್ರೆಸರಿಗೆ ಮೊದಲ ಸುತ್ತಿನಿಂದಲೇ ಪೂರ್ತಿ ಬಲ ಬೇಕು. ಅಲ್ಲಿ ಕಡಿಮೆ ವೋಲ್ಟೇಜ್ ಒಂದು ದಿನವೂ ಕ್ಷಮಿಸುವುದಿಲ್ಲ. ಆಂಡಿಪಟ್ಟಿ ಬಳಿಯ ಟಿ. ಸುಬ್ಬುಲಾಪುರದಂಥ ಪವರ್‌ಲೂಮ್ ಊರಿನಲ್ಲಿ ತೊಂದರೆಯ ರೂಪವೇ ಬೇರೆ. ಲಾಳಿಯನ್ನು ಹೊಡೆಯುವ ಕ್ಷಣದಲ್ಲಿ ಮಗ್ಗ ಒಮ್ಮೆಲೇ ಬಲ ಕೇಳುತ್ತದೆ, ಮೋಟರು ಕೊಡಲಾರದೆ ತಗ್ಗುತ್ತದೆ, ಲಾಳಿ ಹಾಸಿನ ಮಧ್ಯೆ ಸಿಕ್ಕಿಕೊಂಡು ಎಳೆಗಳನ್ನು ಹರಿಯುತ್ತದೆ. ಮೋಟರು ಸುಡದಿದ್ದರೂ ಬಟ್ಟೆ ಕೆಡುತ್ತದೆ.

ಎಲ್ಲ ಮೋಟರಿಗೂ ಈ ಮಾತು ಅನ್ವಯಿಸುವುದಿಲ್ಲ. ಕಾರ್ಬನ್ ಬ್ರಶ್ ಇರುವ ಮಿಕ್ಸಿಯ ಮೋಟರು ಕಡಿಮೆ ವೋಲ್ಟೇಜಿಗೆ ನಿಧಾನವಾಗುತ್ತದೆ. ಸೀಲಿಂಗ್ ಫ್ಯಾನ್ ಕೂಡ ಹಾಗೇ. ರೆಗ್ಯುಲೇಟರ್ ಮಾಡುವುದೇ ಆ ಕೆಲಸವನ್ನು. ವೇಗ ಇಳಿದಂತೆ ಹೊರೆಯೂ ಇಳಿಯುವಲ್ಲಿ ಭಯವಿಲ್ಲ.

ಹಳೆಯ ಕಬ್ಬಿಣದ ಧಾರಾಳ

ಹೀಗಿದ್ದರೂ ಕಣಿವೆಯಲ್ಲಿ ನಲವತ್ತು ಐವತ್ತು ವರ್ಷದ ಮೋಟರುಗಳು ಇನ್ನೂ ನೀರೆತ್ತುತ್ತಿವೆ. ಹೊಸ ಮೋಟರು ಸುಟ್ಟ ಜಾಗದಲ್ಲಿ ಹಳೆಯದು ನಿಭಾಯಿಸುತ್ತದೆ ಎಂಬ ರೈತರ ಮಾತಿನಲ್ಲಿ ಸತ್ಯವಿದೆ, ಅದಕ್ಕೆ ಇಂಜಿನಿಯರಿಂಗಿನ ಕಾರಣವೂ ಇದೆ.

ಎರಕದ ಕಬ್ಬಿಣದ ಮೈಯ ಹಳೆಯ ಮೋಟರಿನ ಹಿತ್ತಾಳೆ ಪ್ಲೇಟನ್ನು ಬಟ್ಟೆಯಿಂದ ಉಜ್ಜಿ ಓದಿದರೆ 400/440 ವೋಲ್ಟ್, 50 ಸೈಕಲ್ ಎಂದಿರುತ್ತದೆ. ಬದಿಯಲ್ಲಿ ಬಿಸಿಯೇರಿಕೆ 40 ಡಿಗ್ರಿ ಎಂದು ಕೊರೆದಿರುತ್ತದೆ. ಈ ಎರಡು ಅಂಕಿಗಳು ಇಡೀ ಕಥೆ ಹೇಳುತ್ತವೆ. 440ಕ್ಕೆ ಮಾಡಿದ ಮೋಟರನ್ನು ಇಂದಿನ 415ರ ಲೈನಿಗೆ ಹಾಕಿದರೆ ಅದು ಹುಟ್ಟಿದಾಗಿನಿಂದಲೇ ಶೇ 6ರಷ್ಟು ಕಡಿಮೆ ವೋಲ್ಟೇಜಿನಲ್ಲಿದೆ. ಅದರ ಟಾರ್ಕ್ ಶೇ 89. ಅದರಿಂದ ಏನೂ ಕೆಡುವುದಿಲ್ಲ. ಆ ಕಾಲದಲ್ಲಿ ಹತ್ತಿ ಸುತ್ತಿದ ತಂತಿ, ಎಣ್ಣೆ ವಾರ್ನಿಷ್, ಕಾಗದದ ಸ್ಲಾಟ್ ಲೈನಿಂಗ್. ಅಂಥ ಇನ್ಸುಲೇಶನ್ 105 ಡಿಗ್ರಿಗಿಂತ ಹೆಚ್ಚು ತಡೆಯುವುದಿಲ್ಲ ಎಂದು ಗೊತ್ತಿದ್ದ ತಯಾರಕರು ಕಬ್ಬಿಣವನ್ನೂ ತಾಮ್ರವನ್ನೂ ಧಾರಾಳವಾಗಿ ಹಾಕಿ ಮೋಟರನ್ನು ತಣ್ಣಗೆ ಓಡುವಂತೆ ಮಾಡಿದ್ದರು. ಇಂದಿನ ಎನಾಮೆಲ್ ತಂತಿ, ಪಾಲಿಯೆಸ್ಟರ್ ಹಾಳೆಗಳು 130, 155 ಡಿಗ್ರಿವರೆಗೂ ತಡೆಯುತ್ತವೆ. ಆ ತಡೆಯನ್ನು ತಯಾರಕರು ಮೋಟರನ್ನು ಚಿಕ್ಕದು ಮಾಡಲು, ಅಗ್ಗ ಮಾಡಲು ಬಳಸಿದರು. 5 ಎಚ್‌ಪಿಯ ಹಳೆಯ ಮೋಟರನ್ನು ಎತ್ತಲು ಇಬ್ಬರು ಬೇಕಿತ್ತು. ಹೊಸದನ್ನು ಒಬ್ಬನೇ ಹೆಗಲಿಗೇರಿಸಿಕೊಂಡು ಹೋಗುತ್ತಾನೆ. ಹಳೆಯದಕ್ಕೆ ಹೊಸ ಕಾಲದ ತಂತಿ, ಹೊಸ ಇನ್ಸುಲೇಶನ್ ಹಾಕಿ ಸರಿಯಾಗಿ ಸುತ್ತಿದರೆ ಎರಡು ಕಾಲದ ಅನುಕೂಲವೂ ಒಂದೇ ಮೋಟರಿಗೆ ಸಿಗುತ್ತದೆ. ಹಳೆಯ ಮೋಟರು ಬಾಳುವ ಗುಟ್ಟು ಬಹುಮಟ್ಟಿಗೆ ಇಷ್ಟೇ.

ಈ ಸೀಮೆಗೆ ಮೋಟರು ಬಂದ ದಾರಿ ಕೊಯಮತ್ತೂರಿನದು. 1932ರಲ್ಲಿ ಪೈಕಾರದ ಜಲವಿದ್ಯುತ್ ಶುರುವಾಗಿ ಆ ಊರಿನ ಗಿರಣಿಗಳು ಬೆಳೆದವು. ದೇಶದ ಮೊದಲ ಸ್ವದೇಶಿ ಮೋಟರು ಎಂದು ಹೆಸರಾದದ್ದನ್ನು 1937ರಲ್ಲಿ ಜಿ.ಡಿ. ನಾಯ್ಡು ಮತ್ತು ಡಿ. ಬಾಲಸುಂದರಂ ಅಲ್ಲೇ ಮಾಡಿದರು. ಪಂಪುಸೆಟ್ ತಯಾರಿಕೆ ಮನೆಮನೆಯ ಉದ್ಯಮವಾಯಿತು. ರೈತನ ಲೈನಿನ ಗುಣ ಆ ತಯಾರಕರಿಗೆ ಚೆನ್ನಾಗಿ ಗೊತ್ತಿತ್ತು. ಕೃಷಿ ಪಂಪಿನ ಮೋಟರುಗಳಿಗೆ ಭಾರತೀಯ ಮಾನಕ ಸಂಸ್ಥೆ ಬರೆದ ನಿಯಮದಲ್ಲೇ ಈ ಅರಿವು ಕಾಣುತ್ತದೆ: ಹೆಚ್ಚಿನ ಕಡೆಗೆ ಶೇ 6, ಕಡಿಮೆ ಕಡೆಗೆ ಶೇ 15 ವೋಲ್ಟೇಜ್ ವ್ಯತ್ಯಾಸವನ್ನು ಮೋಟರು ತಡೆಯಬೇಕು. 415ರಿಂದ ಶೇ 15 ಕಳೆದರೆ ಸುಮಾರು 353. ಅದಕ್ಕಿಂತ ಕೆಳಗೆ ಓಡಿಸುವುದು ರೈತನ ಸ್ವಂತ ಹೊಣೆ.

ಕೆಳಗೆ ಓಡಿಸದೆ ಬೇರೆ ದಾರಿಯಿಲ್ಲದಾಗ ವೈಂಡಿಂಗ್ ಅಂಗಡಿಗಳು ಒಂದು ಉಪಾಯ ಕಂಡುಕೊಂಡವು. ಅದನ್ನು ಹತ್ತಿರದಿಂದ ನೋಡಿದರೆ ಈ ಕಸುಬಿನ ಜಾಣತನವೂ ಅಪಾಯವೂ ಒಟ್ಟಿಗೆ ಕಾಣುತ್ತವೆ. ಕಾಯಿಲಿನ ಸುತ್ತುಗಳ ಸಂಖ್ಯೆ ವೋಲ್ಟೇಜಿಗೆ ಹೊಂದಿರಬೇಕು. 415 ವೋಲ್ಟಿಗೆ ನೂರು ಸುತ್ತಿದ್ದರೆ 340 ವೋಲ್ಟಿಗೆ 82 ಸಾಕು. ಉಳಿದ ಜಾಗದಲ್ಲಿ ಒಂದು ಗೇಜ್ ದಪ್ಪ ತಂತಿ ಹಿಡಿಯುತ್ತದೆ. ಹಾಗೆ ಸುತ್ತಿದ ಮೋಟರು 340ರಲ್ಲಿ 415ರಂತೆಯೇ ಎಳೆಯುತ್ತದೆ, ಬಿಸಿಯೂ ಏರುವುದಿಲ್ಲ. ರೈತ ಸಂತೋಷದಿಂದ ಹೋಗುತ್ತಾನೆ. ನಡುರಾತ್ರಿ ಊರ ದೀಪ ಆರಿ, ಗಿರಣಿ ನಿಂತು, ಪಕ್ಕದ ತೋಟದವರು ಸ್ವಿಚ್ ಆಫ್ ಮಾಡಿ ಮಲಗಿದ ಮೇಲೆ ಲೈನಿನ ವೋಲ್ಟೇಜ್ 440ಕ್ಕೆ ಏರುತ್ತದೆ. 340ಕ್ಕೆ ಸುತ್ತಿದ ಮೋಟರಿನ ಕೋರಿನಲ್ಲಿ ಆಗ ಕಾಂತಕ್ಷೇತ್ರ ಇರಬೇಕಾದ್ದಕ್ಕಿಂತ ಶೇ 29 ಹೆಚ್ಚು. ಕಬ್ಬಿಣ ಅಷ್ಟನ್ನು ಹೊರಲಾರದು, ತುಂಬಿಕೊಂಡುಬಿಡುತ್ತದೆ. ಬರಿದೆ ಕಾಂತವಾಗಲೆಂದೇ ಮೋಟರು ಎಳೆಯುವ ಆಂಪಿಯರ್ ಹಲವು ಪಟ್ಟು ಜಿಗಿಯುತ್ತದೆ. ನೀರಿನ ಹೊರೆ ಇಲ್ಲದಿದ್ದರೂ ಮೋಟರು ಸುಡುತ್ತದೆ. ಬೆಳಿಗ್ಗೆ ಬಂದ ರೈತನಿಗೆ ತನ್ನ ಮೋಟರು ಒಳ್ಳೆಯ ಕರೆಂಟಿನಲ್ಲಿ ಯಾಕೆ ಹೋಯಿತೆಂದು ತಿಳಿಯುವುದಿಲ್ಲ.

ಧಾರಾಳ ಕಬ್ಬಿಣದ ಹಳೆಯ ಕೋರಿನಲ್ಲಿ ಈ ಉಪಾಯ ಅಷ್ಟಿಷ್ಟು ನಡೆಯುತ್ತಿತ್ತು. ಕಬ್ಬಿಣವನ್ನು ಅಂಚಿನವರೆಗೂ ದುಡಿಸಿಕೊಳ್ಳುವ ಹೊಸ ಕೋರಿನಲ್ಲಿ ನಡೆಯುವುದಿಲ್ಲ. ಗುರುವಿನಿಂದ ಕಲಿತ ಲೆಕ್ಕವನ್ನೇ ಹೊಸ ಮೋಟರಿಗೂ ಹಾಕುವ ವೈಂಡರ್ ಕೈಗುಣ ಕೆಟ್ಟವನಲ್ಲ. ಅವನ ಮುಂದಿರುವ ಕಬ್ಬಿಣ ಬದಲಾಗಿದೆ. ಹಳೆಯ ಕಾಯಿಲನ್ನು ಬಿಡಿಸಲು ಸ್ಟೇಟರಿಗೆ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚುವ ಪದ್ಧತಿಯೂ ಹಾನಿಕರ. ಕೋರಿನ ತೆಳುತಗಡುಗಳ ನಡುವಿನ ಲೇಪ ಸುಟ್ಟುಹೋಗಿ, ಅಂದಿನಿಂದ ಆ ಕಬ್ಬಿಣವೇ ಬಿಸಿಯಾಗತೊಡಗುತ್ತದೆ. ಮೂರನೇ ಸಲ, ನಾಲ್ಕನೇ ಸಲ ವೈಂಡ್ ಆದ ಮೋಟರು ತೋರುವ ಆಲಸ್ಯಕ್ಕೆ ಅರ್ಧ ಕಾರಣ ಆ ಬೆಂಕಿ.

ತಂತಿಯ ತುದಿಯಲ್ಲಿ

ವೋಲ್ಟೇಜ್ ಇಳಿಯುವುದಾದರೂ ಎಲ್ಲಿ? ಲೋಯರ್ ಕ್ಯಾಂಪಿನಿಂದ ಹೊರಡುವಾಗ ಅದು ಪೂರ್ತಿಯಾಗಿಯೇ ಇರುತ್ತದೆ. ಸೋರುವುದು ಕೊನೆಯ ಕಿಲೋಮೀಟರಿನಲ್ಲಿ, ಟಿ.ಸಿ. ಎಂದು ಕರೆಯುವ ಟ್ರಾನ್ಸ್‌ಫಾರ್ಮರಿನಿಂದ ತೋಟದವರೆಗಿನ 415 ವೋಲ್ಟಿನ ಲೈನಿನಲ್ಲಿ. ಅಂಥ ಲೈನುಗಳಿಗೆ ಎಳೆಯುವ ವೀಸೆಲ್ ಎಂಬ ಅಲ್ಯೂಮಿನಿಯಂ ತಂತಿಯ ಪ್ರತಿರೋಧ ಕಿಲೋಮೀಟರಿಗೆ ಸುಮಾರು 0.9 ಓಮ್. ಒಂದು ಕಿಲೋಮೀಟರ್ ಆಚೆ 5 ಎಚ್‌ಪಿಯ ಐದು ಮೋಟರು ಓಡಿದರೆ ದಾರಿಯಲ್ಲೇ 60 ವೋಲ್ಟಿನಷ್ಟು ಕರಗುತ್ತದೆ. ಅಲ್ಲಿಗೆ 415 ಹೋಗಿ 355. ವೋಲ್ಟೇಜ್ ಇಳಿದ ಮೋಟರುಗಳು ಹೆಚ್ಚು ಆಂಪಿಯರ್ ಎಳೆಯುತ್ತವೆ. ಹೆಚ್ಚು ಆಂಪಿಯರ್ ಹರಿದರೆ ಲೈನಿನಲ್ಲಿ ಇನ್ನಷ್ಟು ವೋಲ್ಟ್ ಸೋರುತ್ತದೆ. ಆರನೆಯವನು ಸ್ವಿಚ್ ಹಾಕಿದಾಗ ನಷ್ಟ ಆರೂ ಜನರಿಗೆ.

ಮೂರು ಫೇಸ್ ಕರೆಂಟು ದಿನಕ್ಕೆ ಇಂತಿಷ್ಟೇ ಗಂಟೆ ಎಂಬ ಪಾಳಿ ಇದ್ದಾಗ ಈ ಸಮಸ್ಯೆ ಒಂದೇ ಕ್ಷಣಕ್ಕೆ ಬಂದು ನಿಲ್ಲುತ್ತದೆ. ತಮಿಳುನಾಡಿನಲ್ಲಿ ಬಹುಕಾಲ ಹಗಲು ಆರು, ರಾತ್ರಿ ಮೂರು ಗಂಟೆಯ ಪಾಳಿ ನಡೆದಿತ್ತು. ಕರ್ನಾಟಕದಲ್ಲಿ ಏಳು ಗಂಟೆಯ ಮಾತು. ರಾತ್ರಿ ಹಾವು, ಕಾಡುಹಂದಿಯ ಭಯದಲ್ಲಿ ತೋಟಕ್ಕೆ ಹೋಗಲಾರದ ರೈತರು ಆಟೋ ಸ್ಟಾರ್ಟರ್ ಹಾಕಿಸಿದರು. ಕರೆಂಟು ಬಂದ ಗಳಿಗೆಯಲ್ಲಿ ಲೈನಿನ ಎಲ್ಲ ಮೋಟರುಗಳೂ ಒಟ್ಟಿಗೆ ಎದ್ದುನಿಲ್ಲಲು ನೋಡುತ್ತವೆ, ತಲಾ 45 ಆಂಪಿಯರ್ ಕೇಳುತ್ತ. ವೋಲ್ಟೇಜ್ ನೆಲಕಚ್ಚುತ್ತದೆ, ಯಾವುದೂ ಬೇಗ ಏಳುವುದಿಲ್ಲ, ಎಲ್ಲವೂ ಬಿಸಿಯೇರುತ್ತವೆ. ಟಿ.ಸಿ.ಯ ಫ್ಯೂಸು ಹೋಗುವುದೂ ಆಗಲೇ. ಮೂರು ಫೇಸ್ ಇಲ್ಲದ ಹೊತ್ತಿನಲ್ಲಿ ಕಂಡೆನ್ಸರ್ ಜೋಡಿಸಿ ಎರಡು ಫೇಸಿನಲ್ಲೇ ಮೋಟರು ಓಡಿಸುವ ಇನ್ನೊಂದು ರೂಢಿ ಎರಡೂ ರಾಜ್ಯಗಳಲ್ಲಿದೆ. ಮೂರು ಕಾಯಿಲಿಗೆ ಸಮನಾಗಿ ಬರಬೇಕಾದ ಹೊರೆ ಏರುಪೇರಾಗಿ ಒಂದು ಕಾಯಿಲು ಉಳಿದೆರಡಕ್ಕಿಂತ ಬೇಗ ಬೇಯುತ್ತದೆ.

ಲೈನುಗಳು ಹೀಗೆ ಸೊರಗಿದ್ದರ ಹಿಂದೆ ರಾಜಕೀಯದ ಇತಿಹಾಸವಿದೆ. ಪೈಸೆ ಲೆಕ್ಕದ ದರ ಏರಿಕೆಯ ವಿರುದ್ಧ ಸಿ. ನಾರಾಯಣಸ್ವಾಮಿ ನಾಯ್ಡು ಅವರ ನೇತೃತ್ವದಲ್ಲಿ ತಮಿಳುನಾಡಿನ ರೈತರು ಹೋರಾಡಿದರು. 1972ರಲ್ಲಿ ಎತ್ತಿನ ಗಾಡಿಗಳು ಕೊಯಮತ್ತೂರಿನ ಬೀದಿಗಳನ್ನು ತುಂಬಿದ್ದವು. ಆ ಚಳವಳಿಯಲ್ಲಿ ಗುಂಡೇಟಿಗೆ ಜೀವ ಕೊಟ್ಟವರಿದ್ದಾರೆ. 1984ರಲ್ಲಿ ಸಣ್ಣ ರೈತರಿಗೆ, 1990ರ ಹೊತ್ತಿಗೆ ಎಲ್ಲ ರೈತರಿಗೆ ಕೃಷಿ ವಿದ್ಯುತ್ ಉಚಿತವಾಯಿತು. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪಿಗೆ 2008ರಿಂದ ಉಚಿತ. ಉಚಿತ ವಿದ್ಯುತ್ ರೈತನನ್ನು ಉಳಿಸಿದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹಣ ಬರದ ಲೈನಿಗೆ ಹಣ ಹಾಕುವ ಉತ್ಸಾಹ ಯಾವ ವಿದ್ಯುತ್ ಸಂಸ್ಥೆಗೂ ಇರುವುದಿಲ್ಲ. ಮೀಟರಿಲ್ಲದ ಸಂಪರ್ಕದಲ್ಲಿ ಎಚ್‌ಪಿಯ ಅಂಕಿಯೇ ಲೆಕ್ಕವಾದಾಗ 5 ಎಂದು ಬರೆಸಿದ ಜಾಗದಲ್ಲಿ 7.5, 10ರ ಮೋಟರು ಕೂರುತ್ತದೆ. ಟಿ.ಸಿ. ಮಾತ್ರ ಹಳೆಯ 5ರ ಲೆಕ್ಕದಲ್ಲೇ ಉಳಿಯುತ್ತದೆ. ಹೀಗೆ ದರಪಟ್ಟಿಯಿಂದ ಅಳಿಸಿಹೋದ ಬಿಲ್ಲು ವೈಂಡಿಂಗ್ ಅಂಗಡಿಯ ಚೀಟಿಯಾಗಿ ರೈತನ ಕೈಗೆ ಬರುತ್ತದೆ. ಹರಿಯಾಣ ಮತ್ತು ಆಂಧ್ರದ ರೈತರನ್ನು ಕುರಿತು ವಿಶ್ವಬ್ಯಾಂಕ್ 2001ರಲ್ಲಿ ಪ್ರಕಟಿಸಿದ ಅಧ್ಯಯನವೂ ಮೋಟರು ಸುಡುವ ಖರ್ಚನ್ನು ಕೆಟ್ಟ ಕರೆಂಟಿನ ಬೆಲೆಯಾಗಿ ಎಣಿಸಿತ್ತು. ತಾಮ್ರ, ಕೂಲಿಯ ಖರ್ಚಿಗಿಂತ ದೊಡ್ಡ ನಷ್ಟ ಇನ್ನೊಂದಿದೆ: ಮೋಟರು ಅಂಗಡಿಯಲ್ಲಿರುವ ನಾಲ್ಕಾರು ದಿನ ಕಾಯಿ ಕಟ್ಟುತ್ತಿರುವ ದ್ರಾಕ್ಷಿಗೆ ನೀರಿಲ್ಲ.

ಒಂದು ಹಳೆಯ ಕಷ್ಟವನ್ನು ಇಲ್ಲಿ ನೆನೆಯಬೇಕು. 1990ರ ದಶಕದಲ್ಲಿ ದಕ್ಷಿಣದ ಗ್ರಿಡ್ಡಿನಲ್ಲಿ ವೋಲ್ಟೇಜ್ ಜತೆಗೆ ಸೈಕಲ್ಲೂ ಇಳಿಯುತ್ತಿತ್ತು, 50 ಹೋಗಿ 48ರ ಆಸುಪಾಸಿಗೆ. ಸೈಕಲ್ ಇಳಿದರೆ ಮೋಟರಿನ ವೇಗ ಇಳಿಯುತ್ತದೆ, ಪಂಪಿನ ಹೊರೆ ವೇಗದ ಘನಕ್ಕೆ ತಕ್ಕಂತೆ ತಗ್ಗುತ್ತದೆ, ಇಳಿದ ವೋಲ್ಟೇಜಿಗೆ ಇಳಿದ ಸೈಕಲ್ ತುಸು ಹೊಂದಿಕೊಂಡು ಕಾಂತಕ್ಷೇತ್ರ ಅಷ್ಟಾಗಿ ಕುಗ್ಗುವುದಿಲ್ಲ. ಮೋಟರಿಗೆ ಅದರಿಂದ ತುಸು ಉಸಿರು. ಆದರೆ ಪಂಪು ಎತ್ತಬಲ್ಲ ಎತ್ತರ ವೇಗದ ವರ್ಗದಂತೆ ಕುಗ್ಗುವುದರಿಂದ ಆಳದ ಬಾವಿಯವರ ಪೈಪಿಗೆ ನೀರು ಸಣ್ಣಗಾಗುತ್ತಿತ್ತು. 2003ರ ಜನವರಿ 1ರಿಂದ ಸೈಕಲ್ ಕೆಡಿಸುವವರಿಗೆ ದಂಡ ಬೀಳುವ ದರಪದ್ಧತಿ ದಕ್ಷಿಣಕ್ಕೆ ಬಂತು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಲೈನಿನ ಮೂಲಕ ದಕ್ಷಿಣದ ಗ್ರಿಡ್ಡು ದೇಶದ ಗ್ರಿಡ್ಡಿಗೆ ಸೇರಿತು. ಸೈಕಲ್ ಈಗ 50ರಲ್ಲಿ ಗಟ್ಟಿ ನಿಂತಿದೆ. ತೋಟದ ತುದಿಯ ವೋಲ್ಟೇಜಿಗೆ ಅಂಥ ಭಾಗ್ಯ ಬಂದಿಲ್ಲ.

ವೋಲ್ಟೇಜಿನ ಈ ಲೆಕ್ಕದಲ್ಲಿ ಗಾಳಿಯ ಮಾತೂ ಬರುತ್ತದೆ. ತಮಿಳುನಾಡಿನ ಗಾಳಿ ಕಣಿವೆಗಳಲ್ಲಿ ಕಂಬಂ ಒಂದು. ತೇನಿ ಜಿಲ್ಲೆಯ ಬಯಲಿನಲ್ಲಿ ಗಾಳಿಗಿರಣಿಗಳ ಸಾಲೇ ಇದೆ. ಹಳೆಯ ಮಾದರಿಯ ಗಾಳಿಗಿರಣಿಯೊಳಗಿರುವುದು ರೈತನ ಪಂಪಿನಲ್ಲಿರುವ ಬಗೆಯದೇ ಇಂಡಕ್ಷನ್ ಯಂತ್ರ, ಗಾಳಿ ಅದನ್ನು ಕೊಂಚ ಹೆಚ್ಚು ವೇಗದಲ್ಲಿ ತಿರುಗಿಸಿ ಕರೆಂಟು ಹುಟ್ಟಿಸುತ್ತದೆ. ತನ್ನ ಕಾಂತಕ್ಷೇತ್ರಕ್ಕೆ ಬೇಕಾದ ರಿಯಾಕ್ಟಿವ್ ವಿದ್ಯುತ್ತನ್ನು ಅದು ಲೈನಿನಿಂದಲೇ ಎಳೆಯುತ್ತದೆ. ಕೆಪಾಸಿಟರು ಸಾಲದಿದ್ದರೆ ಕರೆಂಟು ಕೊಡುತ್ತಲೇ ವೋಲ್ಟೇಜನ್ನು ಕೆಳಗೆ ಜಗ್ಗುತ್ತದೆ.

ಇಳಿಸಿದರೆ ಒಳ್ಳೆಯದಾಗುವ ಜಾಗ

ಇಷ್ಟೆಲ್ಲ ಹೇಳಿದ ಮೇಲೆ, ಬೇಕೆಂದೇ ವೋಲ್ಟೇಜ್ ಇಳಿಸಿ ಓಡಿಸುವವರೂ ಇದ್ದಾರೆ, ಮತ್ತು ಅವರು ಸರಿ. ದಿಂಡಿಗಲ್, ವೇಡಸಂದೂರು ಸುತ್ತಿನ ನೂಲಿನ ಗಿರಣಿಗಳಂಥ ಕಡೆ ಕೆಲವು ಮೋಟರುಗಳು ತಮ್ಮ ಶಕ್ತಿಯ ಮೂರನೇ ಒಂದು ಪಾಲೂ ದುಡಿಯದೆ ವರ್ಷಗಟ್ಟಲೆ ಓಡುತ್ತವೆ. ಹೊರೆ ಇಲ್ಲದ ಮೋಟರಿಗೂ ಪೂರ್ತಿ ವೋಲ್ಟೇಜ್ ಕೊಟ್ಟರೆ ಕೋರಿನ ಕಬ್ಬಿಣ ಬಿಸಿಯಾಗುತ್ತಲೇ ಇರುತ್ತದೆ. ಅದನ್ನು ಡೆಲ್ಟಾದಿಂದ ಸ್ಟಾರಿಗೆ ಬದಲಿಸಿದರೆ ಪ್ರತಿ ಕಾಯಿಲಿಗೆ ಶೇ 58ರಷ್ಟೇ ವೋಲ್ಟೇಜ್, ಮೂರನೇ ಒಂದು ಪಾಲು ಟಾರ್ಕ್. ಕಬ್ಬಿಣದ ನಷ್ಟ ತೀರ ಕಡಿಮೆ, ಪವರ್ ಫ್ಯಾಕ್ಟರ್ ಏರುತ್ತದೆ. ಸದಾ ಶೇ 40ಕ್ಕಿಂತ ಕಡಿಮೆ ಹೊರೆಯಲ್ಲಿ ಓಡುವ ಮೋಟರಿಗೆ ಇಂಧನ ದಕ್ಷತಾ ಬ್ಯೂರೋ ಕೂಡ ಈ ದಾರಿಯನ್ನು ಹೇಳುತ್ತದೆ. ಅಮೆರಿಕದ ನಾಸಾದಲ್ಲಿದ್ದ ಫ್ರಾಂಕ್ ನೋಲಾ 1977ರಲ್ಲಿ ಪೇಟೆಂಟ್ ಪಡೆದ ಸಾಧನ ಇದನ್ನೇ ಎಲೆಕ್ಟ್ರಾನಿಕ್ಸಿನಿಂದ ಮಾಡಿತು, ಹೊರೆ ಇಳಿದಾಗ ವೋಲ್ಟೇಜ್ ಇಳಿಸಿ. ಪೂರ್ತಿ ಹೊರೆಯ ಪಂಪಿಗೆ ಅದನ್ನು 'ಕರೆಂಟು ಉಳಿಸುವ ಪೆಟ್ಟಿಗೆ' ಎಂದು ಮಾರುವವರಿಂದ ರೈತರು ದೂರವಿರಬೇಕು. ಉಳಿತಾಯ ಇರುವುದು ಹೊರೆ ಇಲ್ಲದಲ್ಲಿ ಮಾತ್ರ.

ಹೊರೆ ಇರುವಲ್ಲಿ ವೋಲ್ಟೇಜ್ ಇಳಿಸಬೇಕಾದರೆ ಸೈಕಲನ್ನೂ ಜತೆಗೇ ಇಳಿಸಬೇಕು. ಸೋಲಾರ್ ಪಂಪಿನ ಡ್ರೈವು ಮಾಡುವುದು ಅದನ್ನೇ. ಬೆಳಗಿನ ಎಳೆಬಿಸಿಲಿಗೆ 30 ಸೈಕಲ್, 250 ವೋಲ್ಟ್. ಬಿಸಿಲೇರಿದಂತೆ ಎರಡೂ ಒಟ್ಟೊಟ್ಟಿಗೆ ಏರುತ್ತವೆ. ಮೋಟರು ಎತ್ತಿನಂತೆ ನಿಧಾನವಾಗಿ ನಡೆಯುತ್ತದೆ, ಸುಡುವುದಿಲ್ಲ. 40 ಸೈಕಲ್ಲಿನಲ್ಲಿ ಪಂಪು ಎತ್ತುವ ಎತ್ತರ ಶೇ 64 ಮಾತ್ರ ಎಂಬುದನ್ನು ಲೆಕ್ಕಕ್ಕೆ ಹಿಡಿದು ಪಂಪು ಆರಿಸಿದರೆ ಆಯಿತು. ಲೈನಿನ ಕರೆಂಟಿಗೆ ಇರುವ ಮದ್ದು ಇನ್ನೂ ಸರಳ, ಗೊತ್ತಿರುವಂಥದೇ: 11 ಸಾವಿರ ವೋಲ್ಟಿನ ಲೈನನ್ನೇ ತೋಟದವರೆಗೆ ತಂದು ಮೂರ್ನಾಲ್ಕು ಜನ ರೈತರಿಗೊಂದು 25 ಕೆವಿಎ ಟಿ.ಸಿ. ಕೂರಿಸುವುದು. 415 ವೋಲ್ಟಿನಲ್ಲಿ 35 ಆಂಪಿಯರ್ ಹರಿಯಬೇಕಾದ ಕಡೆ 11 ಸಾವಿರದಲ್ಲಿ 1.3 ಆಂಪಿಯರ್ ಸಾಕು, ದಾರಿಯ ಸೋರಿಕೆ ಇಲ್ಲವೆನ್ನುವಷ್ಟು. ಆ ಟಿ.ಸಿ. ತಮ್ಮದು ಎಂಬ ಭಾವನೆ ಬಂದಾಗ ಅದಕ್ಕೆ ಕಳ್ಳ ಕೊಕ್ಕೆ ಹಾಕುವವರನ್ನು ರೈತರೇ ತಡೆಯುತ್ತಾರೆ. 5 ಎಚ್‌ಪಿ ಮೋಟರಿಗೆ 2 ಕೆವಿಎಆರ್ ಕೆಪಾಸಿಟರ್ ಕಟ್ಟಿದರೂ ಲೈನಿನ ಆಂಪಿಯರ್ ಶೇ 15ರಷ್ಟು ಇಳಿಯುತ್ತದೆ. ಒಬ್ಬರೇ ಕಟ್ಟಿದರೆ ಪ್ರಯೋಜನ ಕಾಣದು, ಇಡೀ ಟಿ.ಸಿ.ಯವರು ಕಟ್ಟಿದರೆ ತುದಿಯ ತೋಟದ ವೋಲ್ಟ್ ಮೀಟರಿನ ಮುಳ್ಳು ಮೇಲೇರುತ್ತದೆ.

ಟಿ.ಸಿ. ಬರುವವರೆಗೆ ರೈತನ ಕೈಯಲ್ಲಿರುವ ಕೆಲಸ ಸ್ಟಾರ್ಟರ್ ಪೆಟ್ಟಿಗೆಯ ವೋಲ್ಟ್ ಮೀಟರಿನಿಂದ ಶುರುವಾಗುತ್ತದೆ. ಮುಳ್ಳು 350ರ ಕೆಳಗಿದ್ದರೆ ಸ್ವಿಚ್ ಹಾಕದಿರುವುದೇ ಲೇಸು, ಆದರೆ ಒಣಗುವ ಬೆಳೆಯ ಮುಂದೆ ನಿಂತವನಿಗೆ ಆ ಬುದ್ಧಿವಾದ ನಿಲುಕುವುದಿಲ್ಲ. ಆಗ ಡೆಲಿವರಿ ಪೈಪಿನ ಗೇಟ್ ವಾಲ್ವನ್ನು ಅರ್ಧ ಮುಚ್ಚಬೇಕು. ಮುಚ್ಚಿದರೆ ಮೋಟರಿಗೆ ಹೊರೆ ಹೆಚ್ಚುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಸೆಂಟ್ರಿಫ್ಯೂಗಲ್ ಪಂಪಿನಲ್ಲಿ ಆಗುವುದು ತಿರುವುಮುರುವು: ನೀರು ಕಡಿಮೆಯಾದಂತೆ ಅದು ಕೇಳುವ ಶಕ್ತಿ ಇಳಿಯುತ್ತದೆ, ಆಂಪಿಯರ್ ಮೀಟರಿನ ಮುಳ್ಳು ಒಂಬತ್ತೂವರೆಯಿಂದ ಏಳೂವರೆಗೆ ಮರಳುತ್ತದೆ. ಮುಳ್ಳು ಪ್ಲೇಟಿನ ಆಂಪಿಯರಿಗೆ ಬಂದು ನಿಲ್ಲುವವರೆಗೆ ವಾಲ್ವು ತಿರುಗಿಸಿದರೆ ಸಾಕು. ನೀರು ಸಣ್ಣಗೆ ಬಂದರೂ ಎಲ್ಲ ಸಾಲುಗಳಿಗೂ ಬರುತ್ತದೆ. ಆದರೆ ಎಷ್ಟೋ ಪಂಪುಮನೆಗಳಲ್ಲಿ ಪೈಪು ನೇರವಾಗಿ ತೊಟ್ಟಿಗೆ ಹೋಗಿರುತ್ತದೆ, ವಾಲ್ವೇ ಇರುವುದಿಲ್ಲ. ಒಂದು ಗೇಟ್ ವಾಲ್ವಿನ ಬೆಲೆ ಒಂದು ಸಲದ ವೈಂಡಿಂಗ್ ಖರ್ಚಿನೊಳಗೇ ಬರುತ್ತದೆ.